ಯಾರೂ ಹೊರಡದ ಮಹಡಿಮನೆ

ಕೊಡಿಗೇಹಳ್ಳಿಯ ನಮ್ಮಕ್ಕನ ಮನೆಗೆ ಮಹಡಿಯ ಮೆಟ್ಟಿಲು ಹೊರಗಡೆಯಿಂದ ಇತ್ತು. ಗೇಟು ದಾಟಿದರೆ ಎಡಕ್ಕೆ ಅಕ್ಕನ ಬಾಗಿಲು, ಬಲಕ್ಕೆ ಮೆಟ್ಟಿಲು. ಮೇಲೆ ಎರಡು ಕೋಣೆ, ಒಂದು ಸಣ್ಣ ಅಡುಗೆಮನೆ, ಬಟ್ಟೆ ಒಣಗಿಸಲು ಒಂದಿಷ್ಟು ಜಾಗ. ಮೆಟ್ಟಿಲು ಹೊರಗಿದ್ದುದರಿಂದಲೇ ಇದೆಲ್ಲ ನಡೆಯಿತು ಎಂದು ನಾನು ಬಹಳ ದಿನ ನಂಬಿದ್ದೆ. ಒಳಗಿದ್ದಿದ್ದರೆ ಮೇಲಿನವರು ಅಕ್ಕನ ನಡುಮನೆಯನ್ನು ಹಾದು ಹೋಗಬೇಕಿತ್ತು, ಬೀದಿಯವರ ಕಣ್ಣಿಗೆ ನೆಂಟರಂತೆ ಕಾಣುತ್ತಿದ್ದರು. ಹೊರಗಿದ್ದುದರಿಂದ ಯಾರೋ ಬಂದು ಹೋಗುವವರಂತೆ ಕಂಡರು. ಈಗ ಅದೂ ಅಷ್ಟು ಖಚಿತವಿಲ್ಲ. ನೆನಪು ಎಂಬುದು ಕಾರಣಗಳನ್ನು ಆಮೇಲೆ ತಂದು ಸೇರಿಸುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಯಾರೋ ಹೇಳಿಕೊಟ್ಟಿದ್ದರು. ಯಾರು ಎಂಬುದು ನೆನಪಿಲ್ಲ.

ಆಗ ನಾನು ಸಂಜಯನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಎಂ.ಎ. ಮುಗಿಸಿ, ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು, ಎರಡು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ‘ನೀನೂ ಅತಿಥೀನೇ, ನಮ್ಮ ಮೇಲ್ಗಡೆಯೋರೂ ಅತಿಥಿಗಳೇ. ಅವ್ರಾದ್ರೂ ದುಡ್ಡು ಕೊಡ್ತಾರೆ’ ಎಂದು ಅಕ್ಕ ನಗುತ್ತಿದ್ದಳು. ಯಶವಂತಪುರದ ಕಡೆ ಮೆಟ್ರೋ ಓಡಲು ಶುರುವಾಗಿ ಇನ್ನೂ ಹೊಸದು. 2015 ಇರಬೇಕು. ಅಕ್ಕ 2016 ಅನ್ನುತ್ತಾಳೆ.

ಭಾವನಿಗೆ ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಮಂಡಿ. ಬೆಳಗಿನ ಜಾವ ಹೋದರೆ ಮಧ್ಯಾಹ್ನ ಬಂದು ಊಟ ಮಾಡಿ ಮಲಗುತ್ತಿದ್ದ. ಮನೆಯ ವಿಷಯ ಕೇಳಿದರೆ, ‘ಮೇಲ್ಗಡೆದು ನಿಮ್ಮಕ್ಕನ ಡಿಪಾರ್ಟ್‌ಮೆಂಟು, ಅವಳ್ನೇ ಕೇಳು’ ಎನ್ನುತ್ತಿದ್ದ. ಅದು ನಿಜವಾಗಿಯೂ ಅವಳದೇ ಆಗಿತ್ತು. ಮೇಲಿದ್ದ ಬಾಡಿಗೆಯವರು ಖಾಲಿ ಮಾಡಿ ಹೋದ ಮೇಲೆ ಬೋರ್ಡು ಹಾಕುವ ಮೊದಲೇ ಒಂದು ಮಧ್ಯಾಹ್ನ ಗೇಟಿನ ಮುಂದೆ ಆಟೋ ನಿಂತಿತು. ಹೆಬ್ಬಾಳದ ಕಡೆಯ ದೊಡ್ಡ ಆಸ್ಪತ್ರೆಗೆ ತಂದೆಯನ್ನು ಸೇರಿಸಿದ್ದ ಅಣ್ಣ ತಂಗಿ, ಕೈಯಲ್ಲಿ ಸೂಟ್‌ಕೇಸು. ಲಾಡ್ಜಿನಲ್ಲಿ ಅಡುಗೆ ಮಾಡಿಕೊಳ್ಳಲು ಬಿಡುವುದಿಲ್ಲ, ರೋಗಿಗೆ ಗಂಜಿ ಬೇಕು, ಒಂದು ವಾರಕ್ಕೆ ಜಾಗ ಸಿಗುತ್ತದೆಯೇ ಎಂದು ಕೇಳಿದರು. ಅಕ್ಕ ಬೀಗದ ಕೈ ಕೊಟ್ಟಳು. ಅವರು ಹೋದ ಮೇಲೆ ಅದೇ ಆಟೋದವನು ಇನ್ನೊಬ್ಬರನ್ನು ಕರೆತಂದ. ಹಾಗೆ ಶುರುವಾಯಿತು. ಅಗ್ರಿಮೆಂಟ್ ಇಲ್ಲ, ಅಡ್ವಾನ್ಸ್ ಇಲ್ಲ. ವಾರ, ಹತ್ತು ದಿನ, ಕೆಲವರು ತಿಂಗಳು. ಬಾಡಿಗೆ ಹೊರತಾಗಿ ಅಕ್ಕ ಅವರಿಂದ ಬಯಸುತ್ತಿದ್ದದ್ದು ಒಂದೇ, ಊರು ಮುಟ್ಟಿದ ಮೇಲೆ ಒಂದು ಫೋನು.

ಎದುರುಮನೆಯ ಯಜಮಾನರು ಭಾವನ ಚಿಕ್ಕಪ್ಪನಾಗಬೇಕು, ಅಕ್ಕ ಅವರನ್ನು ಮಾವ ಎನ್ನುತ್ತಾಳೆ. ಜಮೀನು ಕೊಟ್ಟು ಬಂದ ದುಡ್ಡಿನಲ್ಲಿ ನಾಲ್ಕಂತಸ್ತಿನ ಪೀಜಿ ಕಟ್ಟಿಸಿದ್ದರು. ಅವರು ಒಂದು ದಿನ ಗೇಟಿಗೆ ಕೈಯೂರಿ ನಿಂತು ಅಂದರು:

‘ಏನಮ್ಮಾ, ಯಾರ್ಯಾರೋ ಬತ್ತಾರೆ, ಯಾರ್ಯಾರೋ ಓಯ್ತಾರೆ. ಇಂಗೆ ಎಷ್ಟ್ ದಿನ ಅಂತ?’

‘ಕಾಯಿಲೆಯೋರು ಮಾವ. ಆಸ್ಪತ್ರೆಗೆ ಬರೋರು.’

‘ಕಾಯಿಲೆಯೋರು ಅಂತ ಅಣೆ ಮೇಲೆ ಬರ್ಕೊಂಡಿರ್ತಾರಾ? ನನ್ ಪೀಜಿಗೆ ಲೈಸೆನ್ಸ್ ತಗೊ ಅಂದ್ರು, ತಗೊಂಡೆ. ಕ್ಯಾಮರಾ ಆಕು ಅಂದ್ರು, ಆಕ್ದೆ. ಕರೆಂಟ್ ಬಿಲ್ಲು ಕಮರ್ಷಿಯಲ್ ಮಾಡ್ಕೊ ಅಂದ್ರು, ಮಾಡ್ಕೊಂಡೆ. ನಿಂಗೆ ಮಾತ್ರ ಬ್ಯಾರೆ ಕಾನೂನಾ?’

ಅವರ ಮಾತಿನಲ್ಲಿ ಹೊಟ್ಟೆಕಿಚ್ಚು ಇತ್ತೇ ಎಂದು ಆಗ ಅನಿಸಿತ್ತು. ಈಗ ಬರೆಯುವಾಗ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ ಎಂಬುದೇ ಮುಖ್ಯವಾಗಿ ಕಾಣುತ್ತದೆ.

ಅಕ್ಕ ನನ್ನನ್ನು ಕರೆಸಿದಳು. ‘ಇಷ್ಟ್ ಓದಿದೀಯ, ಕಾನೂನು ಏನ್ ಹೇಳುತ್ತೆ ನೋಡೋ’ ಅಂದಳು. ನಾನು ಓದಿದ್ದು ಸಮಾಜಶಾಸ್ತ್ರ. ಆದರೂ ಹೋದೆ. ಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಗುಮಾಸ್ತರೊಬ್ಬರು ನನ್ನ ಮಾತು ಪೂರ್ತಿ ಕೇಳಿ, ‘ಊಟ ಕೊಡ್ತೀರಾ?’ ಎಂದರು. ಕೆಲವೊಮ್ಮೆ ಎಂದೆ. ‘ಕೊಟ್ರೆ ಒಂಥರಾ ಲೈಸೆನ್ಸು, ಕೊಡದಿದ್ರೆ ಇನ್ನೊಂಥರಾ. ತಿಂಗಳುಗಟ್ಲೆ ಇದ್ರೆ ಪೀಜಿ, ದಿನದ ಲೆಕ್ಕ ಆದ್ರೆ ಲಾಡ್ಜು. ನಿಮ್ದು ಯಾವ್ದು?’ ಯಾವುದೂ ಅಲ್ಲ ಎಂದೆ. ‘ಯಾವ್ದೂ ಅಲ್ದೇ ಇರೋದಕ್ಕೆ ನಮ್ಮಲ್ಲಿ ಅರ್ಜಿ ಇಲ್ಲ ಸರ್’ ಎಂದರು. ವ್ಯಂಗ್ಯವಿರಲಿಲ್ಲ, ನಿಜಕ್ಕೂ ಬೇಸರಪಟ್ಟು ಹೇಳಿದರು. ಹೋಂಸ್ಟೇ ಮಾಡಿಸಿ ಎಂದು ಯಾರೋ ಹೇಳಿದರು, ಮನೆಯವರು ಅದೇ ಮನೆಯಲ್ಲಿ ವಾಸವಿದ್ದರೆ ಸಾಕಂತೆ. ಪ್ರವಾಸೋದ್ಯಮದ ಕಚೇರಿಗೆ ಫೋನು ಮಾಡಿದೆ. ‘ಆಸ್ಪತ್ರೆಗೆ ಬಂದೋರು ಟೂರಿಸ್ಟ್ ಹೆಂಗಾಗ್ತಾರೆ ಸರ್? ಬೇಕಾದ್ರೆ ಒಂದ್ ಸಲ ಬಂದು ನೋಡಿ’ ಎಂದರು. ಹೋಗಲಿಲ್ಲ. ಇಷ್ಟೆಲ್ಲ ಒಂದೇ ವಾರದಲ್ಲಿ ಆಯಿತೋ, ಎರಡು ಮೂರು ತಿಂಗಳು ಹಿಡಿಯಿತೋ ಹೇಳಲಾರೆ. ನನ್ನ ತಲೆಯಲ್ಲಿ ಅದು ಒಂದೇ ಉದ್ದನೆಯ ಮಧ್ಯಾಹ್ನವಾಗಿ ಉಳಿದಿದೆ.

ನನ್ನಿಂದಾದ ಕೆಲಸ ಒಂದೇ. ದಪ್ಪ ರಟ್ಟಿನ ಒಂದು ರಿಜಿಸ್ಟರ್ ತಂದು ಗೆರೆ ಹಾಕಿಕೊಟ್ಟೆ. ಹೆಸರು, ಊರು, ಗುರುತಿನ ಚೀಟಿ, ಬಂದ ದಿನ, ಹೊರಡುವ ದಿನ. ಪೊಲೀಸರು ಕೇಳಿದರೆ ತೋರಿಸಲು ಇದಾದರೂ ಇರಲಿ ಎಂದೆ. ಅಕ್ಕ ಒಪ್ಪಿಕೊಂಡಳು. ಅವಳ ಅಕ್ಷರ ದುಂಡಗೆ, ನನ್ನದಕ್ಕಿಂತ ಚೆನ್ನ.

ನಾನು ಹೇಳಹೊರಟ ದಂಪತಿ ಬಂದದ್ದು ಇದಾದ ಮೇಲೆ. ಬಾಂಗ್ಲಾದೇಶದ ಯಾವುದೋ ಸಣ್ಣ ಪಟ್ಟಣದವರು. ಗಂಡನಿಗೆ ಕಿಡ್ನಿಯ ಶಸ್ತ್ರಚಿಕಿತ್ಸೆಯಾಗಿತ್ತು. ಆಸ್ಪತ್ರೆಯಿಂದ ಬಿಟ್ಟಿದ್ದರು, ಆದರೆ ಊರಿಗೆ ಹೋಗಲು ಬಿಟ್ಟಿರಲಿಲ್ಲ. ವಾರಕ್ಕೆರಡು ಸಲ ರಕ್ತ ಪರೀಕ್ಷೆ. ಉಪ್ಪು ಮುಟ್ಟುವಂತಿಲ್ಲ, ಹೊರಗಿನ ಊಟ ಕೂಡದು, ಜನಸಂದಣಿ ಕೂಡದು. ಹೆಂಡತಿ ಮೇಲಿನ ಅಡುಗೆಮನೆಯಲ್ಲಿ ಬೇಯಿಸಿದ ತರಕಾರಿ ಮತ್ತು ಅನ್ನ ಮಾಡುತ್ತಿದ್ದರು. ಸಪ್ಪೆ ಊಟ ಅವರೂ ಉಣ್ಣುತ್ತಿದ್ದರು, ಗಂಡನ ಎದುರಿಗೆ ಬೇರೆ ತಿನ್ನಬಾರದೆಂದು. ಅಕ್ಕನಿಗೆ ಇದು ಗೊತ್ತಾದ ದಿನದಿಂದ ಮಧ್ಯಾಹ್ನ ಹೆಂಡತಿಯನ್ನು ಬಟ್ಟೆ ಒಗೆಯುವ ನೆಪದಲ್ಲಿ ಕೆಳಗೆ ಕರೆದು, ಸಾರು ಉಪ್ಪಿನಕಾಯಿ ಹಾಕಿ ಒಂದು ತುತ್ತು ಉಣ್ಣಿಸಿ ಕಳಿಸುತ್ತಿದ್ದಳು. ಇಬ್ಬರ ನಡುವಿನ ಭಾಷೆ ಹಿಂದಿ. ಅಕ್ಕನ ಹಿಂದಿಯಲ್ಲಿ ಕ್ರಿಯಾಪದಗಳು ಅರ್ಧಕ್ಕರ್ಧ ಕನ್ನಡದವು. ‘ಪಾನಿ ಕಾಯಿಸ್ಕೊಳ್ಳೋ, ಗ್ಯಾಸ್ ಆಫ್ ಮಾಡೋ ಬೆಹೆನ್’ ಎನ್ನುತ್ತಿದ್ದಳು. ಆಕೆ ತಲೆಯಾಡಿಸಿ ಹಾಗೇ ಮಾಡುತ್ತಿದ್ದರು.

ಅವರು ಬಂದ ಮೇಲೆಯೇ ದಫೇದಾರರು ಬಂದದ್ದು. ಎದುರುಮನೆಯವರು ಠಾಣೆಗೆ ಹೇಳಿದ್ದರು. ಮುಚ್ಚಿಟ್ಟು ಹೇಳಿದ್ದೇನಲ್ಲ, ಅಕ್ಕನಿಗೆ ಮೊದಲೇ, ‘ನಾನ್ ಏಳ್ಬುಟ್ಟಿದೀನಿ ಕಣಮ್ಮ, ಬತ್ತಾರೆ, ಬುಕ್ಕು ಗಿಕ್ಕು ರೆಡಿ ಮಾಡಿಟ್ಕೊ’ ಎಂದಿದ್ದರಂತೆ. ದಫೇದಾರರು ವಯಸ್ಸಾದವರು, ಮಂಡಿನೋವು. ಮೆಟ್ಟಿಲು ಹತ್ತಲಿಲ್ಲ. ಅಕ್ಕನ ಬಾಗಿಲ ಮುಂದೆ ಕುರ್ಚಿ ಹಾಕಿಸಿಕೊಂಡು, ಕಾಫಿ ಕುಡಿಯುತ್ತ ರಿಜಿಸ್ಟರ್ ತೆಗೆದರು. ಒಂದು ಪುಟ ತಿರುವಿದರು, ಇನ್ನೊಂದು ಪುಟ ತಿರುವಿದರು, ಮತ್ತೆ ಮೊದಲ ಪುಟಕ್ಕೆ ಬಂದರು.

‘ಅಮ್ಮಾ, ಮೇಲೆ ಎಷ್ಟು ರೂಮಿದೆ?’

‘ಎರಡು.’

‘ಈ ಪುಸ್ತಕದ ಪ್ರಕಾರ ಮೇಲೊಂದು ಊರೇ ಇದೆಯಲ್ಲಮ್ಮ. ಬಂದೋರು ಬಂದೋರೇ, ಒಬ್ರೂ ಹೋಗೇ ಇಲ್ಲ!’

ನಾನು ಬಗ್ಗಿ ನೋಡಿದೆ. ಹೆಸರು, ಊರು, ಗುರುತಿನ ಚೀಟಿ, ಬಂದ ದಿನ ಎಲ್ಲ ದುಂಡಗೆ ಬರೆದಿತ್ತು. ಕೊನೆಯ ಕಲಂ ಮೇಲಿನಿಂದ ಕೆಳಗಿನವರೆಗೂ ಖಾಲಿ. ಪುಟ ತಿರುವಿದರೂ ಖಾಲಿ.

‘ಇದ್ಯಾಕೆ ಬರೆದಿಲ್ಲ?’ ಎಂದೆ.

‘ಮನೆಗೆ ಬಂದೋರ್ನ ಯಾವಾಗ ಹೋಗ್ತೀರ ಅಂತ ಕೇಳ್ತಾರೇನೋ?’

‘ಬಂದಾಗ ಬೇಡ, ಹೋದ ಮೇಲೆ ಬರೀಬಹುದಿತ್ತಲ್ಲ.’

‘ಹೋದ ತಕ್ಷಣ ಬರೆದ್ರೆ ಬೆನ್ನ ಹಿಂದೇನೇ ಕಸ ಗುಡಿಸಿದಂಗೆ ಆಗಲ್ವಾ? ಊರು ಮುಟ್ಟಿದೀವಿ ಅಂತ ಫೋನ್ ಬರ್ಲಿ, ಆಮೇಲೆ ಬರೆಯೋಣ ಅಂತಿದ್ದೆ. ಯಾರೂ ಮಾಡ್ಲಿಲ್ಲ.’

ನಮ್ಮ ಮನೆಯಲ್ಲಿ ಅದು ಅಮ್ಮನ ಕಾಲದಿಂದ ಬಂದ ನಡವಳಿಕೆ. ನೆಂಟರು ಹೊರಟ ಕೂಡಲೇ ಪೊರಕೆ ಹಿಡಿಯುವಂತಿಲ್ಲ. ಅವರು ಊರು ಸೇರಿರಬಹುದು ಎನ್ನುವಷ್ಟು ಹೊತ್ತಾದ ಮೇಲೆಯೇ ಗುಡಿಸಬೇಕು. ಎಲ್ಲರ ಮನೆಯಲ್ಲೂ ಹೀಗೆ ಎಂದು ಕೇಳಿದ್ದೇನೆ. ಆದರೆ ಸರ್ಕಾರದ ಕಲಮಿಗೂ ಅದು ಅನ್ವಯಿಸುತ್ತದೆ ಎಂದು ಯೋಚಿಸಿದವಳು ನಮ್ಮಕ್ಕ ಒಬ್ಬಳೇ ಇರಬೇಕು. ಎದುರುಮನೆಯ ಗೇಟಿನಿಂದ ಯಜಮಾನರು, ‘ಅಂಗಾರೆ ನನ್ ಪೀಜಿ ಉಡ್ಗ್ರು ಕಾಲಿ ಮಾಡ್ದಾಗ ನಾನು ಗುಡುಸ್ದಂಗೇ ಬಿಡ್ಲಾ? ಮೂಗ್ ಇಡ್ಕಂಡ್ ಓಡಾಡ್ಬೇಕಾಯ್ತದೆ’ ಎಂದರು. ದಫೇದಾರರು ನಕ್ಕುಬಿಟ್ಟರು.

ನಗು ಮುಗಿದ ಮೇಲೆ ಅವರು ಹೇಳಿದ್ದು ನಗುವ ವಿಷಯವಾಗಿರಲಿಲ್ಲ. ಇಲ್ಲಿನವರ ಮಟ್ಟಿಗೆ ರಿಜಿಸ್ಟರ್ ಸರಿಮಾಡಿಕೊಂಡರೆ ಸಾಕು, ಪಾಲಿಕೆಯದು ಪಾಲಿಕೆ ನೋಡಿಕೊಳ್ಳುತ್ತದೆ. ಆದರೆ ಹೊರದೇಶದವರು ಯಾರ ಮನೆಯಲ್ಲಿ ತಂಗಿದರೂ, ಬಾಡಿಗೆಗಾಗಲಿ ಬಿಟ್ಟಿಯಾಗಲಿ, ಮನೆಯವರು ಇಪ್ಪತ್ತನಾಲ್ಕು ಗಂಟೆಯೊಳಗೆ ವಿದೇಶಿಯರ ಕಚೇರಿಗೆ ಸಿ ಫಾರ್ಮ್ ಎಂಬ ಮಾಹಿತಿ ಪತ್ರ ಕಳಿಸಬೇಕು. ಕಂಪ್ಯೂಟರಿನಲ್ಲೇ ತುಂಬಬೇಕು. ‘ಆಗ್ಲೇ ಲೇಟಾಗಿದೆ. ಆದ್ರೂ ಇವತ್ತು ಹಾಕ್ಬಿಡಿ, ನಾಳೆ ಕಾಪಿ ತಂದು ತೋರ್ಸಿ. ಇಲ್ಲಾಂದ್ರೆ ಅವ್ರನ್ನ ಸಿ ಫಾರ್ಮ್ ಹಾಕೋ ಲಾಡ್ಜಿಗೆ ಕಳಿಸ್ಬೇಕಾಗುತ್ತೆ. ನಂಗೂ ಮೇಲಿನೋರು ಇದಾರೆ’ ಎಂದರು. ಎದ್ದು ನಿಲ್ಲುವಾಗ ಮಂಡಿ ಹಿಡಿದುಕೊಂಡು, ‘ಅವ್ರು ಎಷ್ಟ್ ದಿನ ಇರ್ತಾರೆ ಅಂತ ಸರಿಯಾಗಿ ಹಾಕಿ. ಆ ದಿನ ನಾನು ಬಂದು ನೋಡ್ಕೊಂಡ್ ಹೋಗ್ತೀನಿ’ ಎಂದು ಸೇರಿಸಿದರು.

ಲಾಡ್ಜು ಎಂದರೆ ಒಲೆಯಿಲ್ಲ. ಒಲೆಯಿಲ್ಲದಿದ್ದರೆ ಉಪ್ಪಿಲ್ಲದ ಅನ್ನವಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎದುರುಮನೆಯವರು ಗೇಟು ಹಾಕಿಕೊಂಡು ಒಳಗೆ ಹೋದರು. ಹೀಗೆ ನನಗೆ ನೆನಪು. ಅವರು ಆಗ ಅಲ್ಲಿರಲೇ ಇಲ್ಲ, ಪೀಜಿಗೆ ನೀರಿನ ಟ್ಯಾಂಕರ್ ಬಂದಿತ್ತು, ಅದರ ಹಿಂದೆ ಹೋಗಿದ್ದರು ಎಂದು ಅಕ್ಕ ಹೇಳುತ್ತಾಳೆ.

ಪಾಸ್‌ಪೋರ್ಟುಗಳನ್ನು ತೆಗೆದುಕೊಂಡು ನಾನೂ ಅಕ್ಕನೂ ಮುಖ್ಯರಸ್ತೆಯ ಸೈಬರ್ ಸೆಂಟರಿಗೆ ಹೋದೆವು. ಮನೆಯನ್ನು ನೋಂದಾಯಿಸುವುದೇ ಒಂದು ಕೆಲಸವಾಯಿತು. ‘ಹೋಟೆಲ್, ಗೆಸ್ಟ್ ಹೌಸ್, ಖಾಸಗಿ ಮನೆ’ ಎಂಬ ಪಟ್ಟಿಯಲ್ಲಿ ನಾನು ಖಾಸಗಿ ಮನೆ ಎಂದು ಒತ್ತಿದೆ. ಮೊದಲ ಸಲ ಯಾವುದೋ ಕಚೇರಿ ಅಕ್ಕನ ಮನೆಯನ್ನು ಮನೆ ಎಂದು ಒಪ್ಪಿಕೊಂಡಿತ್ತು. ಹೆಸರು, ವೀಸಾ ನಂಬರು, ಎಲ್ಲಿಂದ ಬಂದರು, ಎಲ್ಲ ಸಲೀಸಾಗಿ ಹೋಯಿತು. ಆಮೇಲೆ ಎಷ್ಟು ದಿನ ಉಳಿಯುವರು ಎಂಬಲ್ಲಿ ಬಂದು ನಿಂತಿತು. ಪಕ್ಕದಲ್ಲಿ ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಮುಂದೆ ಹೋಗಲಿಲ್ಲ.

‘ವೀಸಾ ಮುಗಿಯೋವರೆಗೂ ಅಂತ ಹಾಕ್ತೀನಿ. ಕಾನೂನಿನ ಪ್ರಕಾರ ತಪ್ಪಿಲ್ಲ’ ಎಂದೆ.

‘ಅದು ಯಾವಾಗ?’

ಹೇಳಿದೆ. ಇನ್ನೂ ಬಹಳ ದಿನವಿತ್ತು.

‘ಬೇಡ. ಅಷ್ಟ್ ದಿನ ಇರ್ಬೇಕಾಗುತ್ತೆ ಅಂತ ನಾವೇ ಬರೆದುಕೊಟ್ಟಂಗಾಗುತ್ತೆ.’

‘ಸರಿ, ಹದಿನೈದು ದಿನ.’

‘ಹದಿನೈದನೇ ದಿನ ದಫೇದಾರರು ಬಂದು ಬಾಗಿಲು ಬಡೀತಾರೆ. ವಾಸಿಯಾಗಿಲ್ಲ ಅಂದ್ರೆ? ಲೋ, ಯಾವತ್ತು ವಾಸಿಯಾಗುತ್ತೆ ಅಂತ ಡಾಕ್ಟ್ರನ್ನೇ ಕೇಳೋಕೆ ಭಯ ಬೀಳ್ತಾರೆ ಕಣೋ ಅವ್ರು. ಆವತ್ತು ಆಕೆ ನನ್ನ ಹತ್ರ ಹೇಳ್ಕೊಂಡ್ಳು. ಅದನ್ನ ನೀನು ಬಾಕ್ಸಲ್ಲಿ ತುಂಬ್ಸು ಅಂತೀಯಲ್ಲ.’

ನಾನು ಹದಿನೈದು ಎಂದು ಒತ್ತಿಯೂ ಆಗಿತ್ತು, ಅಳಿಸಿದೆ ಎಂದು ನನ್ನ ನೆನಪು. ಕೀಬೋರ್ಡಿನಿಂದ ನನ್ನ ಕೈಯನ್ನು ತಾನೇ ಎತ್ತಿ ತೆಗೆದದ್ದಾಗಿ ಅಕ್ಕನ ನೆನಪು. ಹೇಗೇ ಇರಲಿ, ಕೆಂಪು ನಕ್ಷತ್ರದ ಮುಂದೆ ಕಂಪ್ಯೂಟರನ್ನು ಹಾಗೇ ಬಿಟ್ಟು, ಸೆಂಟರಿನವನಿಗೆ ಕ್ಲೋಸ್ ಮಾಡಬೇಡ ಎಂದು ಹೇಳಿ ಮನೆಗೆ ನಡೆದೆವು. ದಾರಿಯಲ್ಲಿ ನಾನು ವಾದಿಸಿದೆ. ಪದ್ಧತಿಗಳಿಗೂ ಒಂದು ಕಾಲವಿರುತ್ತದೆ, ಕೇಳಿದರೆ ಯಾರೂ ಸಾಯುವುದಿಲ್ಲ ಎಂದೆ. ಆ ಮಾತು ಬಾಯಿಂದ ಬಂದ ಮೇಲೆ ಅಲ್ಲಿಗೇ ನಿಲ್ಲಿಸಿದೆ. ಅಕ್ಕ ಕಿರಾಣಿ ಅಂಗಡಿಯ ಮುಂದೆ ನಿಂತು ಹುಣಸೆಹಣ್ಣು ಕೊಂಡಳು.

ಮೇಲೆ ಹೋದಾಗ ಗಂಡ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹೆಂಡತಿ ಬಾಗಿಲಲ್ಲಿ. ಪೊಲೀಸರು ಬಂದದ್ದು ಕಂಡಿತ್ತು, ಇಬ್ಬರ ಮುಖದಲ್ಲೂ ಅದು ಇತ್ತು. ಆಕೆ ಆಗಲೇ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸಿಟ್ಟಿದ್ದರು. ಅಕ್ಕ ಅದನ್ನು ನೋಡಿದಳು. ಹುಣಸೆಹಣ್ಣಿನ ಪೊಟ್ಟಣ ತೋರಿಸಿ ತನ್ನ ಹಿಂದಿಯಲ್ಲಿ ಶುರು ಮಾಡಿದಳು:

‘ಬೆಹೆನ್, ನಮ್ಮಲ್ಲಿ ದೂರ ಊರಿಗೆ ಹೋಗೋರಿಗೆ ಬುತ್ತಿ ದೇನೇಕಾ. ರಾಸ್ತೆ ಕಾ ಖಾನಾ. ಪುಳಿಯೋಗರೆ. ಗೊಜ್ಜು ಮೊದ್ಲೇ ಮಾಡಿಡ್ಬೇಕು, ದೋ ದಿನ್ ಲಗೇಗಾ. ಕಿಸ್ ದಿನ್ ಕೇ ಲಿಯೇ ಬನಾನಾ, ಬೋಲೋ.’

ಯಾವ ದಿನಕ್ಕೆ ಬುತ್ತಿ ಕಟ್ಟಲಿ ಎಂದು ಕೇಳಿದ್ದಳು, ಅಷ್ಟೇ. ಅದು ಹಳೆಯ ಮಾತು. ಅಮ್ಮನೂ ಹೀಗೇ ಕೇಳುತ್ತಿದ್ದಳೇ? ಕೇಳುತ್ತಿದ್ದಳು ಎಂದು ಅಕ್ಕ ಹೇಳುತ್ತಾಳೆ. ನನಗೆ ಅಮ್ಮ ಬುತ್ತಿ ಕಟ್ಟಿದ್ದು ನೆನಪಿದೆ, ಕೇಳಿದ್ದು ನೆನಪಿಲ್ಲ.

ಆಕೆ ಗಂಡನ ಮುಖ ನೋಡಿದರು. ಆತ ‘ಉಸ್ ಮೇ ನಮಕ್ ಹೋಗಾ?’ ಎಂದರು. ಉಪ್ಪು ಇರುತ್ತದೆಯೇ ಎಂದು.

‘ಆಪ್ ಕೋ ಬಿನಾ ನಮಕ್. ಬೆಹೆನ್ ಕೋ ನಮಕ್’ ಎಂದಳು ಅಕ್ಕ.

ಆತ ನಕ್ಕರು. ಬಂದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಹೆಂಡತಿಯ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಮಾತಾಡಿದರು. ಇಬ್ಬರೂ ಬೆರಳು ಮಡಿಚಿ ಎಣಿಸಿದರು. ಇನ್ನು ಎರಡು ರಕ್ತ ಪರೀಕ್ಷೆ, ಆಮೇಲೆ ಒಂದು ಸ್ಕ್ಯಾನ್, ಅದರ ಮರುವಾರ. ಸೋಮವಾರ ಎಂದು ಆತ ಹೇಳಿದರು. ತಾರೀಖನ್ನೂ ಹೇಳಿದರು. ತಾವು ಊರಿಗೆ ಹೋಗುವ ದಿನವನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಂತೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಜೋಡಿಸಿಟ್ಟ ಪಾತ್ರೆಗಳನ್ನು ಮತ್ತೆ ಬಿಡಿಸತೊಡಗಿದರು.

ಸೈಬರ್ ಸೆಂಟರಿನವನು ಕಂಪ್ಯೂಟರ್ ಕ್ಲೋಸ್ ಮಾಡಿಬಿಟ್ಟಿದ್ದ. ಎಲ್ಲವನ್ನೂ ಮತ್ತೆ ಮೊದಲಿನಿಂದ ತುಂಬಿದೆ. ಈ ಸಲ ಎಲ್ಲೂ ನಿಲ್ಲಲಿಲ್ಲ.

ಮರುದಿನ ದಫೇದಾರರಿಗೆ ಕಾಪಿ ಕೊಟ್ಟೆವು. ಜೊತೆಗೆ ರಿಜಿಸ್ಟರನ್ನೂ ನೋಡಿದರು. ಅಕ್ಕ ಹೊಸ ಪುಟ ತೆಗೆದು, ನನ್ನ ‘ಹೊರಡುವ ದಿನ’ದ ಮೇಲೆ ಒಂದು ಗೆರೆ ಎಳೆದು ‘ಬುತ್ತಿ’ ಎಂದು ಬರೆದಿದ್ದಳು. ಕೆಳಗೆ ಆ ಸೋಮವಾರದ ತಾರೀಖು. ಅವರು ಕನ್ನಡಕ ಏರಿಸಿ ಓದಿ, ‘ಇದೇನಮ್ಮಾ ಇದು?’ ಎಂದರು. ಅಕ್ಕ ವಿವರಿಸಿದಳು. ‘ಆಗ್ಲಿ, ತಾರೀಖಿದೆಯಲ್ಲ, ಸಾಕು’ ಎಂದು ಪಕ್ಕದಲ್ಲಿ ಸಹಿ ಹಾಕಿದರು. ಮುಂದೆ ಎದುರುಮನೆಯವರ ತಕರಾರಿನ ಫಲವಾಗಿಯೇ ಭಾವ ಒಬ್ಬರನ್ನು ಹಿಡಿದು ಪೀಜಿಯ ಲೆಕ್ಕದಲ್ಲಿ ಪಾಲಿಕೆಯ ಲೈಸೆನ್ಸ್ ಮಾಡಿಸಿದ, ಮೇಲಿನ ಕರೆಂಟ್ ಮೀಟರೂ ಕಮರ್ಷಿಯಲ್ ಆಯಿತು. ‘ಈಗ ಸರೋಯ್ತು. ಇಬ್ರಿಗೂ ಒಂದೇ ಕಾನೂನು’ ಎಂದರು ಯಜಮಾನರು, ತೃಪ್ತಿಯಿಂದ.

ಆ ಸೋಮವಾರ ಅವರು ಹೊರಡಲಿಲ್ಲ. ಸ್ಕ್ಯಾನಿನಲ್ಲಿ ಏನೋ ಕಂಡಿತ್ತು. ದಫೇದಾರರು ಮಾತಿನಂತೆ ಬಂದರು, ಕೆಳಗೇ ಕೂತು ಕಾಫಿ ಕುಡಿದು, ಆಸ್ಪತ್ರೆಯ ಚೀಟಿ ನೋಡಿ, ತಾರೀಖು ಮುಂದಕ್ಕೆ ಹಾಕಿಸಿ ಹೋದರು. ಮಾಡಿಟ್ಟ ಗೊಜ್ಜನ್ನು ನಾವೇ ತಿಂದೆವು. ಎರಡನೇ ಸಲ ಮಾಡಿದ ಗೊಜ್ಜು ಅವರಿಗೆ ಸಲ್ಲಿತು. ಹೊರಡುವ ಬೆಳಿಗ್ಗೆ ಆತ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದದ್ದು ನನ್ನ ಕಣ್ಣ ಮುಂದಿದೆ. ಇಳಿದದ್ದಲ್ಲ, ಭಾವನೂ ಆಟೋದವನೂ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು ಎಂದು ಅಕ್ಕ ಸಾಧಿಸುತ್ತಾಳೆ. ಎರಡು ಬುತ್ತಿ ಇದ್ದದ್ದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಉಪ್ಪಿಲ್ಲದ್ದರ ಮೇಲೆ ಅಕ್ಕ ಬಿಳಿ ದಾರ ಕಟ್ಟಿದ್ದಳು. ಎದುರುಮನೆಯ ಯಜಮಾನರು ಗೇಟಿಗೆ ಬಂದು, ‘ಒಂಟ್ರಾ? ಎಲ್ಲಿಗೆ, ಸೀದಾ ಊರಿಗಾ?’ ಎಂದು ಕೇಳಬಾರದ್ದನ್ನೆಲ್ಲ ಕನ್ನಡದಲ್ಲಿ ಕೇಳಿದರು. ಪುಣ್ಯಕ್ಕೆ ಅವರಿಗೆ ಅರ್ಥವಾಗಲಿಲ್ಲ, ಕೈ ಮುಗಿದರು. ಯಜಮಾನರೂ ಮುಗಿದರು.

ಅಂದು ಸಂಜೆಯೇ ಮೇಲಿನ ಮನೆಗೆ ಬರುವವರಿದ್ದರು. ಅಕ್ಕ ಆ ಹೊಸಬರನ್ನು ತನ್ನ ನಡುಮನೆಯಲ್ಲೇ ಮಲಗಿಸಿದಳು. ಹೊರಟವರಿಗೆ ಕೋಲ್ಕತ್ತಾಗೆ ವಿಮಾನ, ಅಲ್ಲಿಂದ ಬಸ್ಸು, ಗಡಿ, ಮತ್ತೆ ಬಸ್ಸು. ಅವರು ಮುಟ್ಟುವವರೆಗೆ ಮೇಲೆ ಪೊರಕೆ ಆಡಿಸುವುದಿಲ್ಲ ಎಂದಳು. ಯಾರೂ ಮಾಡದ ಫೋನನ್ನು ಇವರು ಮಾಡುತ್ತಾರೆಂದು ಏನು ಗ್ಯಾರಂಟಿ ಎಂದು ಕೇಳಿದೆ. ‘ನೀನ್ ಸುಮ್ನಿರು’ ಅಂದಳು.

ಫೋನು ಬಂತು. ಅಡುಗೆಮನೆಯಲ್ಲಿ ಅಕ್ಕನೇ ಎತ್ತಿಕೊಂಡಳೆಂದು ನನಗೆ ನೆನಪು. ‘ಪಹುಂಚ್ ಗಯಾ? ಖಾನಾ ಕೆಟ್ಟಿಲ್ಲ ತಾನೇ? ಉನ್ ಕೋ ಉಪ್ಪಿಲ್ಲದ್ದೇ ದಿಯಾ ನಾ?’ ಎಂದು ಒಂದೇ ಉಸಿರಿನಲ್ಲಿ ಕೇಳುತ್ತಿದ್ದಳು. ಆ ಕಡೆಯಿಂದ ಬಂದ ಉತ್ತರವೆಲ್ಲ ಅಳುವೋ ನಗುವೋ ನನಗೆ ತಿಳಿಯಲಿಲ್ಲ. ಫೋನಿಟ್ಟ ಮೇಲೆ ರಿಜಿಸ್ಟರನ್ನು ನನ್ನ ಮುಂದೆ ಹಾಕಿದಳು.

‘ಬರಿ, ಹೋದ್ರು ಅಂತ.’

‘ಯಾವ ತಾರೀಖು ಹಾಕ್ಲಿ? ಇಲ್ಲಿಂದ ಹೊರಟಿದ್ದಾ, ಅಲ್ಲಿ ಮುಟ್ಟಿದ್ದಾ?’

‘ಮುಟ್ಟಿದ್ದೇ ಹಾಕು.’

‘ಪೊಲೀಸ್ರಿಗೆ ಹೊರಟಿದ್ದು ಬೇಕಕ್ಕ.’

‘ಅವ್ರಿಗೆ ಬೇಕಾದ್ರೆ ಅವ್ರು ಬರ್ಕೊಳ್ಳಿ’ ಎಂದು ಹೇಳಿ ಮೆಟ್ಟಿಲ ಕಡೆ ಹೋದಳು.

ಆ ರಿಜಿಸ್ಟರ್ ಈಗ ಎಲ್ಲಿದೆಯೋ ಗೊತ್ತಿಲ್ಲ. ನಾನು ಕೊನೆಗೆ ಯಾವ ತಾರೀಖು ಬರೆದೆ ಎಂಬುದೂ ನೆನಪಿಗೆ ಬರುತ್ತಿಲ್ಲ. ಪೆನ್ನು ಹಿಡಿದು ಕೂತಿದ್ದು ನೆನಪಿದೆ. ಮೇಲಿನ ಕೋಣೆಯಲ್ಲಿ ಅಕ್ಕ ಪೊರಕೆ ಹಿಡಿದು, ಮೂಲೆಯಿಂದ ಮೂಲೆಗೆ, ನಿಧಾನವಾಗಿ ಗುಡಿಸುವ ಸದ್ದು ಕೇಳುತ್ತಿತ್ತು.